ಅಕ್ಕ ನೆಲ ತೊಳೆದ ವರ್ಷ

ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿದರೆ ನಾನು ಮೊದಲು ಮಾಡುವ ಕೆಲಸ ಕಿಟಕಿ ತೆರೆಯುವುದು. ಯಾರ ಮನೆ, ಯಾರ ಆಫೀಸು ಎಂದು ನೋಡುವುದಿಲ್ಲ. ಮೊನ್ನೆ ಮಸ್ಕಿ ಬಸ್ ನಿಲ್ದಾಣದಲ್ಲಿ, ವರ್ಗವಾಗಿ ಬಂದ ಮೇಲೆ ನಾನು ಗುಮಾಸ್ತೆಯಾಗಿ ಕೂರುವ ಕೋಣೆಯಲ್ಲೂ ಹಾಗೇ ಆಯಿತು. ಮಳೆಗೆ ಒಳಗೆಲ್ಲ ಕೆಸರಾಗಿತ್ತು. ಕಸ ಹೊಡೆಯುವ ಯಲ್ಲಮ್ಮ ಮೂಲೆ ಮೂಲೆಗೂ ಬಿಳಿ ಪುಡಿ ಉದುರಿಸುತ್ತ ಬಂದಳು. ನಾನು ಕೈಯಲ್ಲಿದ್ದುದನ್ನು ಬಿಟ್ಟು ಎದ್ದು, ಇದ್ದ ಕಿಟಕಿಗಳನ್ನೆಲ್ಲ ತೆರೆದು, ಬಾಗಿಲು ಮುಚ್ಚದಂತೆ ಕಲ್ಲು ಕೊಟ್ಟೆ. ಎರಚಲು ಒಳಗೆ ನುಗ್ಗಿ ಪಕ್ಕದ ಮೇಜಿನವರ ಊಟದ ಡಬ್ಬಿಯ ಮೇಲೇ ಬಿತ್ತು.

"ಏನ್ರೀ ಮೇಡಂ, ಜನ ಮಳಿ ಬಂದ್ರ ಕಿಟಕಿ ಹಾಕ್ತಾರ, ನೀವು ತೆಗೀತೀರಲ್ರೀ" ಎಂದರು ಅವರು.

ನಾನು ಯಲ್ಲಮ್ಮನನ್ನು ಕೇಳಿದೆ: "ಇದರ ಜೋಡಿ ಬ್ಯಾರೆ ಏನರ ಕೂಡಿಸೀಯೇನು?"

"ಇಲ್ರೀ ಯವ್ವಾ, ಬರೇ ಪುಡಿ" ಎಂದಳು ಆಕೆ, ತಾನೇನೋ ತಪ್ಪು ಮಾಡಿದವಳಂತೆ. ಪಾಪ, ಆಕೆಯದೇನೂ ತಪ್ಪಿರಲಿಲ್ಲ. ನಾನು ಕೇಳಿದ ದನಿಗೆ ಹೆದರಿದ್ದಳು, ಅಷ್ಟೇ. ನಾನು ಹೊರಗೆ ಬಂದು ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತೆ. ಸಿಂಧನೂರಿನ ಬಸ್ಸು ಬಂದು ಜನರನ್ನು ಇಳಿಸಿ ಲಿಂಗಸೂಗೂರಿನ ಕಡೆ ಹೋಯಿತು. ಆ ಬಸ್ಸಿನಲ್ಲಿ ಅಕ್ಕನನ್ನು ಪಕ್ಕಕ್ಕೆ ಕೂರಿಸಿಕೊಂಡು ಎಷ್ಟು ಸಲ ಹೋಗಿದ್ದೆನೋ ಲೆಕ್ಕವಿಟ್ಟಿಲ್ಲ. ಆಗೆಲ್ಲ ಕಿಟಕಿಯ ಸೀಟು ಆಕೆಗೇ.

ಅಕ್ಕ ಎಂದರೆ ಹುಲಿಗೆಮ್ಮ. ನನಗಿಂತ ಬಹಳ ದೊಡ್ಡವಳು. ಅವ್ವ ಬೇಗ ಹೋದಳು, ಅಪ್ಪ ಇದ್ದೂ ಇಲ್ಲದಂತಿದ್ದ. ಹಾಗಾಗಿ ನನಗೆ ತಲೆ ಬಾಚಿದ್ದು, ಬೈದದ್ದು, ಶಾಲೆಗೆ ಅಟ್ಟಿದ್ದು ಎಲ್ಲ ಅಕ್ಕನೇ. ಆಕೆಗೊಂದು ಮದುವೆಯೂ ಆಗಿತ್ತು. ಗಂಡ ಎನಿಸಿಕೊಂಡವನು ದುಡಿಯಲು ಹೋದವನು ತಿರುಗಿ ಬರಲಿಲ್ಲ, ಆಕೆಯೂ ಹುಡುಕಲಿಲ್ಲ. "ಹೋದ್ರ ಹೋಗವಲ್ಲನಾಕ, ನೀ ಓದು" ಎಂದು ನನ್ನ ಕಡೆ ತಿರುಗಿದಳು. ನನ್ನನ್ನು ಓದಿಸಲು ಲಿಂಗಸೂಗೂರಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ಸೇರಿದಳು. ಅಲ್ಲಿನ ಧೂಳು ವರ್ಷಗಟ್ಟಲೆ ಆಕೆಯ ಎದೆಯೊಳಗೆ ಇಳಿಯಿತು. ನನಗೆ ಬಸ್ ಡಿಪೋದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಾಗ ಆಕೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಕೆಲಸ ಬಿಡಿಸಿ ಸಿಂಧನೂರಿಗೆ ಕರೆದುಕೊಂಡು ಬಂದೆ.

ನಾವು ಬಾಡಿಗೆಗೆ ಹಿಡಿದ ಮನೆ ಊರ ಹೊರಗಿನ ಹೊಸ ಬಡಾವಣೆಯಲ್ಲಿತ್ತು. ಅದಕ್ಕೂ ಹಿಂದೆ ಅಲ್ಲಿ ಭತ್ತದ ಗದ್ದೆ. ಮನೆಯ ಹಿಂದಿನ ಗೋಡೆಯಾಚೆ ಈಗಲೂ ಗದ್ದೆಯೇ. ಕಾಲುವೆಗೆ ನೀರು ಬಿಟ್ಟರೆ ಸುತ್ತ ನಾಲ್ಕೂ ಕಡೆ ನೀರು, ಅದರಲ್ಲಿ ಆಕಾಶ, ನಡುವೆ ಬೆಳ್ಳಕ್ಕಿ. ಬೆಳಗಾದರೆ ಬಳಗಾನೂರು, ಮುಕ್ಕುಂದದ ಕಡೆ ನಾಟಿಗೆ ಹೋಗುವ ಹೆಂಗಸರು ಆಟೋಗಳಲ್ಲಿ ಒತ್ತಿಕೊಂಡು ಕೂತು ಹಾಡುತ್ತ ಹೋಗುತ್ತಿದ್ದರು. ನೆಲವೆಲ್ಲ ಜವಳು. ಗೋಡೆಗೆ ಕೈಯಿಟ್ಟರೆ ಒದ್ದೆ ಒದ್ದೆ. ಬೋರಿನಲ್ಲಿ ಎಂದೂ ನೀರು ಕಡಿಮೆಯಾಗುತ್ತಿರಲಿಲ್ಲ. ಮನೆಯೊಳಗೆ ಬಿಳಿ ಟೈಲ್ಸ್ ಹಾಕಿದ್ದರು, ಹಾಲು ಚೆಲ್ಲಿದರೆ ಗೊತ್ತಾಗದಷ್ಟು ಬಿಳಿ.

ಬಂದ ದಿನ ಅಕ್ಕ ಸಾಮಾನು ಬಿಚ್ಚಲಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದಳು.

"ಸುಜೀ, ತಿರುವಿದ್ರ ಬರತೈತಿ ಬೇ!"

"ನಲ್ಲಿ ಅಂದಮ್ಯಾಲೆ ಬರದಿದ್ರ ಹೆಂಗ ಅಕ್ಕಾ?"

"ಯಾರನ್ನೂ ಕೇಳಂಗಿಲ್ಲ?"

ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು.

ನಮ್ಮದು ಸಂತೆಕಲ್ಲೂರಿನಲ್ಲಿ ಬಸ್ಸಿಳಿದು ಆಟೋ ಹಿಡಿಯಬೇಕಾದ ಒಂದು ಸಣ್ಣ ಊರು. ಎರೆ ಹೊಲ, ಜೋಳ, ತೊಗರಿ, ಗಾಳಿ. ಅಲ್ಲಿ ಒಂದು ಮೆಟ್ಟಿಲ ಬಾವಿ. ಅಕ್ಕ ಹುಡುಗಿಯಾಗಿದ್ದಾಗ ನಮ್ಮ ಓಣಿಯವರು ಆ ಮೆಟ್ಟಿಲು ಇಳಿಯುವಂತಿರಲಿಲ್ಲ. ಬಾವಿಯ ಪಕ್ಕ ಒಂದು ಚಪ್ಪಡಿ ಕಲ್ಲಿನ ಹತ್ತಿರ ಖಾಲಿ ಕೊಡ ಇಟ್ಟು ನಿಲ್ಲಬೇಕು. ನೀರು ತುಂಬಿಕೊಂಡು ಮೇಲೆ ಬಂದ ಯಾರಿಗಾದರೂ ಮನಸ್ಸಾದರೆ ಹಾಕುತ್ತಿದ್ದರು. ಅದೂ ಮುಟ್ಟಿಬಿಡಬಾರದಲ್ಲ, ಎತ್ತರದಿಂದ. ಅರ್ಧ ಕೊಡಕ್ಕೆ, ಅರ್ಧ ನೆಲಕ್ಕೆ. "ನೀರು ಮುಟ್ಟೀಗಿಟ್ಟಿ, ಹಿಂದಕ ಸರಿ" ಎನ್ನುವ ಮಾತು ಅಕ್ಕ ತನ್ನ ಹೆಸರಿಗಿಂತ ಹೆಚ್ಚು ಸಲ ಕೇಳಿದ್ದಳು. ನಾನು ದೊಡ್ಡವಳಾಗುವ ಹೊತ್ತಿಗೆ ಓಣಿಗೆ ಕೈಪಂಪು ಬಂತು, ನಾವು ಬೌದ್ಧರಾದೆವು, ಗೋಡೆಯ ಮೇಲೆ ಬುದ್ಧನ ಪಟ ಬಂತು. ನನಗೆ ಆ ಬಾವಿ ಕೇಳಿದ ಕತೆ. ಅಕ್ಕನಿಗೆ ಹಾಗಲ್ಲ.

ಸಿಂಧನೂರಿನ ಮನೆಯಲ್ಲಿ ಅಕ್ಕ ನೆಲ ತೊಳೆಯಲು ಶುರುಮಾಡಿದಳು. ಒರೆಸುವುದಲ್ಲ, ತೊಳೆಯುವುದು. ನಾನು ಡಿಪೋಗೆ ಹೊರಡುವ ಹೊತ್ತಿಗೆ ಸೀರೆ ಮೇಲೆ ಸಿಗಿಸಿ, ಅಡುಗೆಮನೆಯಿಂದ ಬಕೆಟ್ ಬಕೆಟ್ ನೀರು ಸುರಿದು, ಕಸಬರಿಗೆಯಿಂದ ಅದನ್ನು ನಡುಮನೆ ದಾಟಿಸಿ, ಹೊಸ್ತಿಲಿನಾಚೆ ನೂಕುತ್ತಿದ್ದಳು. ಅಷ್ಟಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುವ ಆಕೆಯ ಗತ್ತು ನೋಡಬೇಕಿತ್ತು. ಹತ್ತು ಎಕರೆ ನೀರಾವರಿಯ ಗೌಡತಿಗೂ ಅಷ್ಟು ಗತ್ತು ಇರಲಿಕ್ಕಿಲ್ಲ.

"ನೋಡಲ್ಲಿ, ನೆಲದಾಗ ನನ್ನ ಮಾರಿ ಕಾಣಾಕತ್ತೈತಿ."

"ನಿನ್ನ ಮಾರಿ ನೋಡಾಕ ಕನ್ನಡಿ ಐತಿ. ನಾನು ಜಾರಿ ಬಿದ್ದು ಟೊಂಕ ಮುರಕೊಂಡ್ರ ಯಾರು ನೋಡ್ತಾರ?" ಎಂದು ನಾನು ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದೆ. ಪಕ್ಕದ ಮನೆಯ ರಜಿಯಾ ಆಪಾ ಕಾಂಪೌಂಡಿನಾಚೆಯಿಂದ, "ಹುಲಿಗೆಮ್ಮಾ, ಇವತ್ತ ಕಾಲುವಿಗೆ ಎಷ್ಟು ನೀರು ಬಿಟ್ಟೀರಿ?" ಎಂದು ಕೂಗುತ್ತಿದ್ದರು. ರಜಿಯಾ ಆಪಾ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಮನೆಯಲ್ಲಿ ದಖನಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅಕ್ಕನಿಗೂ ಅವರಿಗೂ ಬಂದ ವಾರದಲ್ಲೇ ಗೆಳೆತನದ ಗಂಟು ಬಿದ್ದಿತ್ತು.

ಕಾಲುವೆಯ ಊರಿನಲ್ಲಿ ಸೊಳ್ಳೆ ಹೇಳಬೇಕಿಲ್ಲ. ಬಿಸಿಲು ಇಳಿಯುವ ಮೊದಲೇ ಬಾಗಿಲು ಕಿಟಕಿ ಬಿಗಿದು ಕೂರಬೇಕು. ಒಣಭೂಮಿಯಿಂದ ಬಂದ ನಮಗಿಬ್ಬರಿಗೂ ಹೊಳೆಯದ ಸಂಗತಿ ಒಂದಿತ್ತು. ನಮ್ಮೂರಿನಲ್ಲಿ ಚೆಲ್ಲಿದ ನೀರು ನೋಡನೋಡುತ್ತಲೇ ಆರಿಹೋಗುತ್ತದೆ. ನೀರೆಂದರೆ ಆರುವುದು ಎಂದೇ ನಾವು ತಿಳಿದವರು. ಇಲ್ಲಿ ಅದು ಆರಲಿಲ್ಲ. ಕೆಳಗಿನಿಂದ ಜವಳು, ಮೇಲಿನಿಂದ ಅಕ್ಕನ ಬಕೆಟ್ಟು, ನಡುವೆ ಮುಚ್ಚಿದ ಕಿಟಕಿ. ನೀರು ಟೈಲ್ಸ್ ಸಂದಿಗಳಲ್ಲಿ ಇಳಿದು ಅಲ್ಲೇ ಕೂತಿತು.

ಮೊದಲು ಬಚ್ಚಲ ಮೂಲೆಯಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು. ಮಹಾನವಮಿ ಹತ್ತಿರ ಬರುವ ಹೊತ್ತಿಗೆ ಅಡುಗೆಮನೆಯ ಸಂದಿಗಳೆಲ್ಲ ಕಾಡಿಗೆ ತೀಡಿದ ಹಾಗೆ. ಮನೆಯೊಳಗೆ ಕಾಲಿಟ್ಟರೆ ನೆನೆದ ಗೋಣಿಚೀಲದ ವಾಸನೆ. ಅದು ಬೂಷ್ಟು ಎಂದು ನಮಗೆ ತಿಳಿಯಲಿಲ್ಲ, ಹೊಲಸು ಎಂದೇ ತಿಳಿದೆವು. ಹೊಲಸು ಕಂಡರೆ ಅಕ್ಕ ಏನು ಮಾಡುತ್ತಾಳೆ? ಇನ್ನೆರಡು ಬಕೆಟ್ ನೀರು ಹಾಕುತ್ತಾಳೆ. ಒಣ ಕಸಬರಿಗೆಯ ಹಿಡಿಯಿಂದ ಕೆರೆಯುತ್ತಾಳೆ. ಕೆರೆದಾಗ ಏಳುವ ಪುಡಿ ಆಕೆಯ ಮೂಗಿಗೆ. ಕೆಮ್ಮು ಜೋರಾಯಿತು, ಎದೆಯಲ್ಲಿ ಸೀಟಿ ಹೊಡೆದ ಹಾಗೆ ಸದ್ದು. ಹವಾ ಬದಲಾಗಿದೆ, ಹೊಂದಿಕೊಳ್ಳುತ್ತದೆ ಎಂದುಕೊಂಡೆವು.

ಒಂದು ಮಧ್ಯಾಹ್ನ ಡಿಪೋಗೆ ರಜಿಯಾ ಆಪಾರ ಫೋನು ಬಂತು. "ಸುಜಾತಾ, ಲಗೂನ ಬಾ. ಗಾಬರಿ ಆಗಬ್ಯಾಡ. ಲೇಕಿನ್ ಲಗೂನ ಬಾ."

ಆಗಿದ್ದು ಇಷ್ಟು. ಬೀದಿಯಲ್ಲಿ ಮಾರಲು ಬಂದವನ ಹತ್ತಿರ ಅಕ್ಕ ಟೈಲ್ಸ್ ತೊಳೆಯುವ ಆಸಿಡ್ ಕೊಂಡಿದ್ದಳು. ಮನೆಯಲ್ಲಿ ಬ್ಲೀಚಿಂಗ್ ಪೌಡರ್ ಮೊದಲೇ ಇತ್ತು. ಬಚ್ಚಲಿನ ನೆಲಕ್ಕೆ ಪುಡಿ ಹರಡಿ, ವಾಸನೆ ಮನೆಯೊಳಗೆ ಬರಬಾರದೆಂದು ಬಾಗಿಲು ಹಾಕಿಕೊಂಡು, ಅದರ ಮೇಲೆ ಆಸಿಡ್ ಸುರಿದಿದ್ದಳು. ಹಳದಿ ಹೊಗೆಯಂಥದ್ದು ಎದ್ದಿತಂತೆ. ಕಾಂಪೌಂಡಿನಾಚೆ ಬಟ್ಟೆ ಒಣಹಾಕುತ್ತಿದ್ದ ಆಪಾ ವಾಸನೆ ಹಿಡಿದು ಓಡಿ ಬಂದು, ಬಾಗಿಲು ದೂಡಿ, ಅಕ್ಕನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ಹಾಕಿದ್ದರು.

ಲಿಂಗಸೂಗೂರಿನಲ್ಲಿ ಎದೆಯ ರೋಗ ನೋಡುವ ಒಬ್ಬ ಡಾಕ್ಟರಿದ್ದರು. ಅವರ ಆಸ್ಪತ್ರೆಯ ಹಾಸಿಗೆಯ ಮೇಲೆ, ಮೂಗಿನ ನಳಿಕೆ ತೆಗೆದ ಮೇಲೆ, ಅಕ್ಕ ಹೇಳಿದ ಮೊದಲ ಮಾತು: "ಎರಡೂ ಚಲೋ ಸಾಮಾನು ಅಲ್ಲೇನು ಬೇ? ಕೂಡಿಸಿದ್ರ ಇನ್ನಾ ಚಲೋ ಆಗತೈತಿ ಅಂದ್ಕೊಂಡೆ."

ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಎರಡನ್ನೂ ಸೇರಿಸಿ ಆಕೆಯನ್ನು ಬೈದೆ.

ಡಾಕ್ಟರು ನನ್ನನ್ನು ಹೊರಗೆ ಕರೆದರು. "ನಿಮ್ಮಕ್ಕನ ಪುಪ್ಪುಸ ಮೊದಲೇ ಅರ್ಧ ಹಾಳಾಗ್ಯಾವ. ಅದು ಹತ್ತಿ ಧೂಳಿನ ಕೆಲಸ, ಅದಕ್ಕ ನಾನೇನೂ ಮಾಡಾಕ ಬರಂಗಿಲ್ಲ. ಉಳಿದದ್ದು ಕಾಪಾಡಬೇಕು. ಮನ್ಯಾಗ ಬೂಷ್ಟು ಇರಬಾರದು. ನೆಲ ಒಣ ಇರಬೇಕು. ತಿಳೀತಲ್ಲ, ಒಣ. ನೀರು ಹಾಕಿ ತೊಳಿಯೋದು ಬಂದ್."

ಉಳಿದದ್ದು ಕಾಪಾಡಬೇಕು ಎನ್ನುವ ಮಾತನ್ನು ನಾನು ಬಸ್ಸಿನುದ್ದಕ್ಕೂ ಬಾಯೊಳಗೆ ಹೇಳಿಕೊಳ್ಳುತ್ತ ಬಂದೆ.

ಭಾನುವಾರ ರಜಿಯಾ ಆಪಾ ತಮ್ಮ ಮನೆಯ ವರಾಂಡದಲ್ಲಿ ಅಕ್ಕನನ್ನು ಕುರ್ಚಿ ಹಾಕಿ ಕೂರಿಸಿ, "ನೀವು ಈ ಕಡಿ ಬಂದ್ರ ನನ್ನ ಕಸಂ" ಎಂದು ಹೇಳಿ, ನನ್ನ ಜೊತೆ ಒಳಗೆ ಬಂದರು. ಕಿಟಕಿ ಬಾಗಿಲುಗಳನ್ನೆಲ್ಲ ತೆರೆಸಿದರು. ಇಬ್ಬರೂ ಮೂಗಿಗೆ ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್. ಉಳಿದ ಆಸಿಡ್ ಬಾಟಲಿಯ ಮುಚ್ಚಳ ಬಿಗಿಮಾಡಿ ಮೊದಲು ಮನೆಯಾಚೆ ಸಾಗಿಸಿದರು.

"ಒಣಗಿದ್ದನ್ನ ಕೆರಿಬ್ಯಾಡ. ಕೆರದ್ರ ಹಾರತದ, ಹಾರಿದ್ದು ಎದಿಯೊಳಗ ಹೋಗತದ. ಮೊದಲ ಸಾಬೂನ ನೀರು ಹಚ್ಚು, ನೆನೀಲಿ, ಆಮ್ಯಾಲೆ ಬ್ರಷ್."

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ನಾನು ಒಂದೊಂದೇ ಸಂದಿ ಉಜ್ಜಿದೆ. ಮಂಡಿಯೂರಿ, ಅಡುಗೆಮನೆಯಿಂದ ನಡುಮನೆಯವರೆಗೆ. ಮೇಲೆದ್ದ ಕಪ್ಪು ನೊರೆಯನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿದೆವು. ಸಾಬೂನೆಲ್ಲ ಹೋಗುವಂತೆ ಒರೆಸಿದ ಮೇಲೂ ಹೋಗದ ಕಲೆಗೆ ಮಾತ್ರ ಆಪಾ ಒಂದು ಬಕೆಟ್ ತಣ್ಣೀರಿನಲ್ಲಿ ಸ್ವಲ್ಪೇ ಬ್ಲೀಚಿಂಗ್ ಪೌಡರ್ ಕದಡಿ, ತಿಳಿ ಮಾತ್ರ ಬಸಿದುಕೊಂಡು ಹಚ್ಚಿಸಿದರು. "ಇದರ ಜೋಡಿ ಇನ್ನೊಂದು ಕೂಡಸಬಾರದು. ಆ ತೇಜಾಬ್, ಆಸಿಡ್ ಬ್ಯಾಡ, ಫಿನಾಯಿಲ್ ಬ್ಯಾಡ, ಏನೂ ಬ್ಯಾಡ. ಬಿಲ್ಕುಲ್." ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಬರಿ ನೀರಿನ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಒಣ ಬಟ್ಟೆ. ಆಮೇಲೆ ಫ್ಯಾನು. ಬಚ್ಚಲ ನಲ್ಲಿಯ ಬುಡದಲ್ಲಿ ಸೋರುತ್ತಿತ್ತು, ಅದನ್ನು ಸರಿಮಾಡಿಸಿದೆ. ಟೈಲ್ಸ್ ಸಂದಿಗಳ ಕೊಳೆತ ವೈಟ್ ಸಿಮೆಂಟ್ ತೆಗೆಸಿ, ನೆಲ ಪೂರ್ತಿ ಒಣಗಿದ ಮೇಲೆ ಹೊಸದು ತುಂಬಿಸಿದೆ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಹೊಡೆಸಿದೆ, ಸಂಜೆಯೂ ತೆರೆದಿಡಲೆಂದು. ನೆಲ ಮತ್ತೆ ಹಾಲಿನಂತೆ ಬೆಳ್ಳಗಾಯಿತು. ನನಗೆ ಗೆದ್ದ ಖುಷಿ.

ಅಕ್ಕ ಒಳಗೆ ಬಂದು ನೋಡಿದಳು. "ಭಾಳ ಚಂದ ಆಗೈತಿ" ಎಂದಳು. ಮರುದಿನ ನಾನು ಹೊರಡುವ ಹೊತ್ತಿಗೆ ಸರಿಯಾಗಿ ಸೀರೆ ಮೇಲೆ ಸಿಗಿಸಿ ಬಕೆಟ್ ಹಿಡಿದು ನಿಂತಿದ್ದಳು.

ನಾನು ಓಡಿಹೋಗಿ ಬಕೆಟ್ ಕಸಿದುಕೊಂಡೆ. "ಡಾಕ್ಟರ್ ಏನು ಹೇಳ್ಯಾರ? ಇನ್ನ ಮ್ಯಾಲೆ ನೀ ನೀರು ಮುಟ್ಟಬ್ಯಾಡ. ಹಿಂದಕ ಸರಿ."

ಬಾಯಿಂದ ಬಂದ ಮೇಲೇ ನನಗೆ ಆ ಮಾತು ಕೇಳಿಸಿದ್ದು.

ಅಕ್ಕ ನಿಜವಾಗಿಯೂ ಹಿಂದಕ್ಕೆ ಸರಿದಳು. ಎಷ್ಟು ರೂಢಿಯಿಂದ ಸರಿದಳೆಂದರೆ, ಸೆರಗು ಒಟ್ಟುಮಾಡಿ, ಗೋಡೆಗೆ ಬೆನ್ನು ಹಚ್ಚಿ, ತಲೆ ತಗ್ಗಿಸಿ ನಿಂತಳು. ಆ ಬಾವಿಯ ಹತ್ತಿರ ಆಕೆ ನಿಲ್ಲುತ್ತಿದ್ದ ಬಗೆಯನ್ನು ನಾನು ಅಂದು ನನ್ನ ಮನೆಯಲ್ಲಿ ಕಣ್ಣಾರೆ ಕಂಡೆ.

"ನೀನೂ ಅಂದಿಯಲ್ಲ ಸುಜೀ" ಎಂದಳು. ಅಷ್ಟೇ.

ಸಿಟ್ಟಿಲ್ಲ, ಅಳುವಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಆಕೆ ಬದುಕಲಿ ಎಂದೇ ಹೇಳಿದ್ದು. ಆದರೆ ಲೋಕದಲ್ಲಿ ಯಾರು ಬೇಕಾದರೂ ಆ ಮಾತನ್ನು ಆಕೆಗೆ ಹೇಳಬಹುದಿತ್ತು, ನಾನೊಬ್ಬಳನ್ನು ಬಿಟ್ಟು. ಆ ದಿನ ಡಿಪೋದಲ್ಲಿ ನನಗೆ ಒಂದು ಕೆಲಸವೂ ನೆಟ್ಟಗಾಗಲಿಲ್ಲ.

ಆಮೇಲೆ ಅಕ್ಕ ಹೇಳಿದ ಹಾಗೆ ಕೇಳಿದಳು. ಹಿಂಡಿದ ಬಟ್ಟೆಯಿಂದ ನಾನೇ ನೆಲ ಒರೆಸುತ್ತಿದ್ದೆ, ಹಿಂದೆಯೇ ಒಣ ಬಟ್ಟೆ. ಅಕ್ಕ ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದಳು. ಉಸಿರು ಸುಧಾರಿಸಿತು, ಸೀಟಿ ನಿಂತಿತು. ಆದರೆ ಮನೆಯಲ್ಲಿ ಮಾತು ಕಡಿಮೆಯಾಯಿತು. ನಲ್ಲಿಯ ಹತ್ತಿರ ಹೋಗಬೇಕಾದರೂ, "ಕುಡ್ಯಾಕ ಒಂದು ಚರಿಗಿ ತಗೊಳ್ಲೇನು?" ಎಂದು ನನ್ನನ್ನು ಕೇಳುತ್ತಿದ್ದಳು. ಚೇಷ್ಟೆಗೆ ಕೇಳುತ್ತಾಳೋ ನಿಜವಾಗಿ ಕೇಳುತ್ತಾಳೋ ನನಗೆ ತಿಳಿಯುತ್ತಿರಲಿಲ್ಲ.

ಇದನ್ನು ಬಿಡಿಸಿದ್ದೂ ರಜಿಯಾ ಆಪಾ. "ಅರೇ, ಡಾಕ್ಟರ್ ಒಳಗ ಬ್ಯಾಡ ಅಂದಾರ. ಅಂಗಳಕ್ಕ ಬ್ಯಾಡ ಅಂದಾರೇನು? ಬಿಸಲಿಗೆ ಯಾವ ಬೂಷ್ಟು ಬರತದ?" ಎಂದು ತಮ್ಮ ಮನೆಯ ರಬ್ಬರ್ ಪೈಪ್ ತಂದು ಹೊರಗಿನ ನಲ್ಲಿಗೆ ಸಿಗಿಸಿ ಅಕ್ಕನ ಕೈಗೆ ಕೊಟ್ಟರು.

ಅಂದಿನಿಂದ ನಮ್ಮ ಅಂಗಳ, ಮುಂದಿನ ರಸ್ತೆ, ಆಪಾರ ಕರಿಬೇವಿನ ಗಿಡ, ಹಾದಿಗೆ ಬಂದ ಎಮ್ಮೆ, ನಿಲ್ಲಿಸಿದ ನನ್ನ ಸ್ಕೂಟಿ, ಯಾವುದೂ ಒಣಗಿ ಉಳಿಯಲಿಲ್ಲ. ಅಕ್ಕ ಮತ್ತೆ ಬೈಯತೊಡಗಿದಳು. ಬೈದರೆ ಆಕೆ ಚೆನ್ನಾಗಿದ್ದಾಳೆ ಎಂದರ್ಥ. ಆದರೂ ಒಮ್ಮೊಮ್ಮೆ ಹೊಸ್ತಿಲಿನಲ್ಲಿ ನಿಂತು ಒಳಗಿನ ಬಿಳಿ ನೆಲವನ್ನು ನೋಡುತ್ತಿದ್ದಳು. "ಹೊರಗಿಂದು ಮಣ್ಣು ಬೇ. ಇದರಾಗ ಮಾರಿ ಕಾಣಂಗಿಲ್ಲ."

ಚಳಿಗಾಲದಲ್ಲಿ, ತೊಗರಿ ರಾಶಿಯ ದಿನಗಳಲ್ಲಿ, ಊರಿಗೆ ಹೋಗಿ ಬಂದೆವು. ಸಂತೆಕಲ್ಲೂರಿನಲ್ಲಿ ಇಳಿದು ಆಟೋ ಹತ್ತಿದ ಕೂಡಲೇ ಒಣ ಗಾಳಿ ಮುಖಕ್ಕೆ ಹೊಡೆಯಿತು. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಆಶ್ಚರ್ಯವೆಂದರೆ ಅಲ್ಲಿ ಅಕ್ಕ, ದಮ್ಮಿಗೆಂದು ಡಾಕ್ಟರು ಕೊಟ್ಟಿದ್ದ ಬಾಯಿಗೆ ಹಿಡಿಯುವ ಪಂಪು ಹಾಕಿಕೊಳ್ಳುವುದನ್ನೇ ಮರೆತಳು. ಓಣಿಯ ಏರನ್ನು ನಿಲ್ಲದೆ ಹತ್ತಿದಳು. ರಾತ್ರಿ ಕೆಮ್ಮದೆ ನಿದ್ದೆ ಮಾಡಿದಳು.

ಬಾವಿಯ ಹತ್ತಿರ ಆಕೆಯೇ ಕರೆದುಕೊಂಡು ಹೋದಳು. ಬಾವಿ ಬತ್ತಿ, ಮುಳ್ಳುಕಂಟಿ ಬೆಳೆದು, ಪ್ಲಾಸ್ಟಿಕ್ ಚೀಲಗಳಿಂದ ತುಂಬಿತ್ತು. ಚಪ್ಪಡಿ ಕಲ್ಲು ಅಲ್ಲೇ ಇತ್ತು. ಅಕ್ಕ ಅದರ ಮೇಲೆ ನಿಲ್ಲಲಿಲ್ಲ, ಕೂತಳು. ಕಾಲು ಚಾಚಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಳು.

ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ. "ಅಕ್ಕಾ, ಇಲ್ಲೇ ಚಿಕ್ಕಮ್ಮನ ಕಡೆ ಇರ್ತೀಯೇನು? ನಿನ್ನ ಎದಿಗೆ ಈ ಒಣ ಹವಾನೇ ಚಲೋ. ನಾನು ಮಸ್ಕಿಗೆ ವರ್ಗ ಕೇಳ್ತೀನಿ. ವಾರಾ ವಾರಾ ಬರ್ತೀನಿ."

ಆಕೆ ಸೆರಗಿನ ಗಾಳಿ ನಿಲ್ಲಿಸಿ ಬಾವಿಯ ಕಡೆ ತಿರುಗಿದಳು.

"ಇಲ್ಲಿ ಉಸಿರು ಚಲೋ ಬರತೈತಿ, ಹೌದು" ಎಂದಳು. "ಆದ್ರ ಇಲ್ಲಿ ಉಸಿರಾಡಿ ಏನ್ಮಾಡ್ಲಿ ಸುಜೀ? ಈ ಕಲ್ಲು ನೋಡಕೋತ ಕುಂದ್ರಬೇಕೇನು? ಅಲ್ಲಿ ನಂದೊಂದು ನಲ್ಲಿ ಐತಿ. ನಾಕು ದಿನ ಕಡಿಮಿ ಆದ್ರೂ ಆಗಲಿ, ನಲ್ಲಿ ಇದ್ದಲ್ಲೇ ಇರ್ತೀನಿ."

ನಾನು ವಾದಿಸಲಿಲ್ಲ. ವಾದಿಸಿದ್ದರೆ ಕೇಳುತ್ತಿರಲೂ ಇಲ್ಲ. ಮಸ್ಕಿಯಲ್ಲಿ ಬಸ್ಸು ಬದಲಿಸಿ ಸಿಂಧನೂರಿನ ಹಾದಿ ಹಿಡಿದೆವು. ಎರೆ ಹೊಲ ಮುಗಿದು ಹಸಿರು ಗದ್ದೆ ಶುರುವಾದ ಕಡೆ ಅಕ್ಕ ಕಿಟಕಿಯಿಂದ ಕೈ ಹೊರಗೆ ಚಾಚಿದಳು. "ಬಂತು ನೋಡು" ಎಂದಳು. ಕಾಲುವೆಯ ತಂಪು ನನಗೂ ತಟ್ಟಿತು. ಸ್ವಲ್ಪ ಹೊತ್ತಿಗೆ ಕೆಮ್ಮೂ ಬಂತು.

ಬೇಸಿಗೆ ಕಳೆಯಿತು. ಕಾಲುವೆ ನಿಂತು ಗದ್ದೆಗಳು ಬಿರುಕು ಬಿಟ್ಟವು. ನೆಲದ ಸಂದಿಯಲ್ಲಿ ಒಂದು ಕಪ್ಪು ಚುಕ್ಕೆಯೂ ಬರಲಿಲ್ಲ. ನಾನು ದಿನಾ ಟಾರ್ಚ್ ಹಾಕಿ ಮೂಲೆಗಳನ್ನು ನೋಡುತ್ತಿದ್ದೆ, ಕಳ್ಳನನ್ನು ಹುಡುಕುವ ಪೊಲೀಸಿನವರ ಹಾಗೆ. ಅಕ್ಕ ನಕ್ಕು, "ನನಗಿಂತ ನೆಲಾನ ಭಾಳ ನೋಡ್ತಿ" ಎನ್ನುತ್ತಿದ್ದಳು. ನೆಲ ಕಾಯ್ದರೆ ಆಕೆಯನ್ನು ಕಾಯ್ದ ಹಾಗೆ ಎಂದು ನಾನು ನಂಬಿದ್ದೆ. ಏನಾದರೊಂದನ್ನು ನಂಬಬೇಕಲ್ಲ.

ಮುಂಗಾರು ಬಂತು, ಅಕ್ಕನಿಗೆ ಜ್ವರ ಬಂತು. ನೆಲದಿಂದಲ್ಲ. ನೆಲ ಒಣಗಿತ್ತು. ಕಾರ್ಖಾನೆ ತಿಂದು ಬಿಟ್ಟದ್ದು ಎಷ್ಟು ಉಳಿದಿತ್ತೋ ಅದೇ ತೀರುತ್ತ ಬಂದಿತ್ತು. ಲಿಂಗಸೂಗೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು, ಡಾಕ್ಟರು ನನ್ನನ್ನು ಹೊರಗೆ ಕರೆದು, ಈ ಸಲ ಮೆಲ್ಲಗೆ, "ಮನಿಗೆ ಕರಕೊಂಡು ಹೋಗ್ರಿ" ಎಂದರು. ನಾನು, ನೆಲದಲ್ಲಿ ಒಂದು ಚುಕ್ಕೆಯೂ ಇಲ್ಲ ಡಾಕ್ಟರೇ ಎಂದೆ. ಅದನ್ನು ಏಕೆ ಹೇಳಿದೆನೋ. "ಗೊತ್ತೈತ್ರಿ. ಅದಕ್ಕೇ ಇಷ್ಟು ದಿನ ಇದ್ರು" ಎಂದರು ಅವರು.

ಮನೆಗೆ ಬಂದ ಮೇಲೆ ಅಕ್ಕನ ಮಂಚವನ್ನು ನಡುಮನೆಯ ಕಿಟಕಿಯ ಹತ್ತಿರ ಹಾಕಿದೆ. ಕಾಲುವೆಗೆ ಆಗಷ್ಟೇ ನೀರು ಬಿಟ್ಟಿದ್ದರು. ಗೋಡೆಯಾಚೆ ಗದ್ದೆ ತುಂಬುವ ಸದ್ದು ಕೇಳುತ್ತಿತ್ತು. ಅಕ್ಕ ನೆಲದ ಕಡೆ ಬೆರಳು ತೋರಿಸಿದಳು.

"ಒಂದು ಬಕೆಟ್ ಹಾಕಲೇನು?"

"ಆರಾಮಾಗು. ಆಮ್ಯಾಲೆ ಬೇಕಾದಷ್ಟು ಹಾಕುವಂತಿ."

"ಖರೇನ?"

"ಖರೇನ ಅಕ್ಕಾ. ನಾನೇ ತುಂಬಿ ಕೊಡ್ತೀನಿ."

"ಹೂಂ. ಆರಾಮಾದ ಮ್ಯಾಲೆ" ಎಂದು ಆಕೆ ನನ್ನ ಮಾತನ್ನೇ ನನಗೆ ಹೇಳಿ ಕಣ್ಣು ಮುಚ್ಚಿದಳು. ಅದಾಗುವುದಿಲ್ಲವೆಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಎರಡು ದಿನದ ಮೇಲೆ ಬೆಳಗಿನ ಹೊತ್ತು ಹೋದಳು. ನಾನು ಆಗ ನೆಲ ಒರೆಸುತ್ತಿದ್ದೆ.

ಊರಿನಿಂದ ಚಿಕ್ಕಮ್ಮ, ಓಣಿಯ ಹೆಂಗಸರು ಬಂದರು. ಅಂಗಳದಲ್ಲಿ, ಆಕೆ ದಿನಾ ಪೈಪ್ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ ಕೂರಿಸಿ ಸ್ನಾನ ಮಾಡಿಸಿದರು. ಒಬ್ಬಾಕೆ ನಿಂತುಕೊಂಡು ಚೊಂಬು ಎತ್ತಿ ಮೇಲಿನಿಂದ ನೀರು ಬಿಟ್ಟಳು. "ಎತ್ತರದಿಂದ ಹಾಕಬ್ಯಾಡ್ರಿ! ಸನೇಕ ಬಂದು ಹಾಕ್ರಿ, ಮುಟ್ಟಿ ಹಾಕ್ರಿ" ಎಂದೆ ನಾನು. ಚಿಕ್ಕಮ್ಮ ಅರ್ಥಮಾಡಿಕೊಂಡು, ಚೊಂಬನ್ನು ತಾನೇ ತೆಗೆದುಕೊಂಡು, ಅಕ್ಕನ ನೆತ್ತಿಗೆ ತಾಗಿಸಿ ಮೆಲ್ಲಗೆ ಹಾಕಿದಳು.

ಗಂಡಸರು ಹೊತ್ತುಕೊಂಡು ಹೊರಟರು. ಹೆಣ ಹೊರಗೆ ಹೋದ ಕೂಡಲೇ ಮನೆ ತೊಳೆಯಬೇಕು. ನಾವು ಬೌದ್ಧರಾಗಿ ಏನೇನೋ ಬಿಟ್ಟಿದ್ದೆವು, ಆ ಪದ್ಧತಿ ಮಾತ್ರ ನಮ್ಮ ಹೆಂಗಸರ ಕೈಯಲ್ಲಿ ಹಾಗೇ ಉಳಿದಿತ್ತು. ನಾನು ಹೊಸ್ತಿಲಿನಲ್ಲಿ ನಿಂತು ರಸ್ತೆಯ ತಿರುವಿನವರೆಗೂ ನೋಡಿ, ಒಳಗೆ ತಿರುಗಿದೆ. ಹೆಂಗಸರು ಆಗಲೇ ಸೀರೆ ಸಿಗಿಸಿ ಬಕೆಟ್ಟುಗಳನ್ನು ತುಂಬಿದ್ದರು. ಮೊದಲ ಬಕೆಟ್ಟಿನ ನೀರು ನಡುಮನೆಯ ಬಿಳಿ ನೆಲದ ಮೇಲೆ ಹರಿಯಿತು.

"ನೀರು ಹಾಕಬ್ಯಾಡ್ರೀ!" ನಾನು ಚೀರಿದೆ. "ಅಕ್ಕಗ ದಮ್ಮು ಬರತೈತಿ!"

ಎಲ್ಲರೂ ನಿಂತಲ್ಲೇ ನಿಂತರು. ಯಾರೂ ನನ್ನ ಮುಖ ನೋಡಲಿಲ್ಲ. ನೀರು ತನ್ನಷ್ಟಕ್ಕೆ ಹರಿದು ಖಾಲಿ ಮಂಚದ ಕೆಳಗೆ ಹೋಯಿತು.

ರಜಿಯಾ ಆಪಾ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಬಕೆಟ್ ತುಂಬುವ ಸದ್ದು ಕೇಳಿಸಿತು. ಅದನ್ನು ಎರಡೂ ಕೈಯಿಂದ ಎತ್ತಿ ತಂದು ನನ್ನ ಮುಂದೆ ಇಟ್ಟರು. "ಹಾಕು ಬೇಟಿ. ತುಂಬಿ ಕೊಡ್ತೀನಿ ಅಂದಿದ್ದಿ ಅಲ್ಲ, ಹುಲಿಗೆಮ್ಮ ನನ್ನ ಮುಂದ ಹೇಳ್ಯಾಳ."

ನಾನು ಹಾಕಿದೆ. ಅಡುಗೆಮನೆಯಿಂದ ಶುರುಮಾಡಿ, ಆಕೆ ಹಾಕುತ್ತಿದ್ದ ಹಾಗೆಯೇ, ಬಕೆಟ್ಟಿನ ಮೇಲೆ ಬಕೆಟ್ಟು. ಆಪಾ ತುಂಬಿದರು, ನಾನು ಸುರಿದೆ. ಚಿಕ್ಕಮ್ಮ ಸಾಕು ಎಂದಳು, ಯಾರೋ ತೋಳು ಹಿಡಿದರು, ನಾನು ಬಿಡಿಸಿಕೊಂಡೆ. ಒಂದು ವರ್ಷ ನಾನು ಒರೆಸಿದ ಸಂದಿಗಳಿಗೆಲ್ಲ ನೀರು ಇಳಿಯಿತು. ಕೈ ಸೋತ ಮೇಲೆ ಬಗ್ಗಿ ನೋಡಿದೆ. ನೆಲದಲ್ಲಿ ಕಿಟಕಿ ಕಂಡಿತು, ಗೋಡೆಯ ಮೇಲಿನ ಬುದ್ಧ ಕಂಡ, ಅತ್ತು ಊದಿದ ನನ್ನ ಮುಖ ಕಂಡಿತು.

ಚಿಕ್ಕಮ್ಮ ಒಣ ಬಟ್ಟೆ ತಂದು ಕೈಗೆ ಕೊಟ್ಟಳು. ನಾನು ಅದನ್ನು ಬಾಗಿಲ ಹಿಂದೆ ಸಿಗಿಸಿದೆ. ಅಂದು ನಾನು ನೆಲ ಒರೆಸಲಿಲ್ಲ.